ಬೇರಿನ ಕೆಳಗಿನ ನೀರು: ಮಟ್ಟ ಹಿಡಿಯುವುದು, ಬಸಿದದ್ದನ್ನು ಮತ್ತೆ ಬಳಸುವುದು

ಗಿಡ ಬಾಡಿದೆ ಎಂದು ನೀರು ಬಿಡುತ್ತೇವೆ. ಮರುದಿನ ಇನ್ನಷ್ಟು ಬಾಡುತ್ತದೆ, ಇನ್ನಷ್ಟು ನೀರು ಬಿಡುತ್ತೇವೆ. ಮೂರನೇ ದಿನ ಕಿತ್ತು ನೋಡಿದರೆ ಬೇರು ಕಂದಾಗಿರುತ್ತದೆ. ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ದಾರದಂಥ ಎಳೆಯಷ್ಟೇ ಗಿಡದಲ್ಲಿ ಉಳಿಯುತ್ತದೆ. ನೀರಿನ ನಡುವೆಯೇ ಇದ್ದ ಬೇರಿಗೆ ಉಸಿರು ಕಟ್ಟಿತ್ತು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಕಿಂಡಿಗಳೆಲ್ಲ ನೀರಿನಿಂದ ತುಂಬಿದರೆ, ಬೇರು ಮತ್ತು ಸೂಕ್ಷ್ಮಜೀವಿಗಳು ಇದ್ದ ಅಲ್ಪಸ್ವಲ್ಪ ಆಮ್ಲಜನಕವನ್ನು ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತವೆ. ಉಸಿರಿಲ್ಲದ ಬೇರಿಗೆ ನೀರೆಳೆಯುವ ಶಕ್ತಿಯೂ ಇರುವುದಿಲ್ಲ. ಅದಕ್ಕೇ ಮೇಲೆ ಎಲೆ ಬಾಡುವುದು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಬಸಿಗಾಲುವೆ. ಕಾಲುವೆ ತೋಡಿ, ನೀರು ಹೊರಗೆ ಬಿಟ್ಟು ಕೈ ತೊಳೆದುಕೊಳ್ಳುತ್ತೇವೆ. ಎರಡು ತಿಂಗಳು ಕಳೆದು ಅದೇ ಜಾಗ ಒಣಗಿ ಬಿರುಕು ಬಿಟ್ಟಾಗ, ಹೊರಗೆ ಬಿಟ್ಟ ನೀರು ನೆನಪಾಗುತ್ತದೆ. ನನ್ನ ಪ್ರಕಾರ ಬಸಿಯುವ ವ್ಯವಸ್ಥೆಗೆ ದಾರಿಯಷ್ಟೇ ಸಾಲದು, ದಾರಿಯ ತುದಿಯಲ್ಲಿ ಬಾಗಿಲೂ ಬೇಕು, ಬಾಗಿಲಾಚೆ ನೀರನ್ನು ಹಿಡಿಯಲು ಒಂದು ಗುಂಡಿಯೂ ಬೇಕು. ಮೂರನ್ನೂ ಒಟ್ಟಿಗೆ ಯೋಚಿಸಿದರೆ ಖರ್ಚೂ ಕಡಿಮೆ, ಮಣ್ಣು ಅಗೆಯುವ ಕೆಲಸವೂ ಒಂದೇ ಸಲಕ್ಕೆ ಮುಗಿಯುತ್ತದೆ.

ಮೊದಲು ಗುಂಡಿ ತೋಡಿ ನೋಡಿ

ಮೊಣಕಾಲಿಗಿಂತ ತುಸು ಹೆಚ್ಚು, ಅಂದರೆ ಸುಮಾರು 60 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಗೋಡೆಯನ್ನು ಚಾಕುವಿನಿಂದ ಹೆರೆದು ನೋಡಿ. ನೀರು ಆಗಾಗ ನಿಲ್ಲುವ ಮಣ್ಣಿನಲ್ಲಿ ಬೂದು ಅಥವಾ ನೀಲಿ ಛಾಯೆಯ ಪದರ ಕಾಣುತ್ತದೆ, ಅದರ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳಿರುತ್ತವೆ. ಬೂದು ಬಣ್ಣ ಬಂದದ್ದು ಗಾಳಿಯಿಲ್ಲದಾಗ, ತುಕ್ಕು ಬಂದದ್ದು ಗಾಳಿ ಸಿಕ್ಕಾಗ. ಹಾಗಾಗಿ ಆ ಚುಕ್ಕೆಗಳಿರುವ ಪಟ್ಟಿಯೇ ನೀರಿನ ಮಟ್ಟ ಏರಿಳಿಯುವ ಎಡೆ. ಬೇಸಿಗೆಯಲ್ಲಿ ಒಣಗಿದ್ದಾಗ ತೋಡಿದರೂ ಈ ಗುರುತು ಅಳಿಸಿರುವುದಿಲ್ಲ. ಒಂದು ಹಿಡಿ ಮಣ್ಣನ್ನು ಮೂಗಿಗೆ ಹಿಡಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಸಿರುಕಟ್ಟಿದ್ದು ಇತ್ತೀಚೆಗೇ.

ಗುಂಡಿಯ ನಡುವೆ ಎಲ್ಲಾದರೂ ಚಾಕು ತಟ್ಟನೆ ನಿಲ್ಲುವ ಗಟ್ಟಿ ಪದರ ಸಿಕ್ಕಿತೇ? ಪದರದ ಮೇಲೆ ಕೆಸರು, ಕೆಳಗೆ ಒಣ ಮಣ್ಣು ಇದೆಯೇ? ಹಾಗಿದ್ದರೆ ನಿಮ್ಮದು ಅಂತರ್ಜಲದ ಸಮಸ್ಯೆಯಲ್ಲ, ಉಳುಮೆಯಿಂದಲೋ ಯಂತ್ರದ ಭಾರದಿಂದಲೋ ಮಣ್ಣು ದಮ್ಮಸ್ಸಾದ ಸಮಸ್ಯೆ. ಅಂಥ ಕಡೆ ನೀರು ಬಸಿಯುವ ಕೊಳವೆ ಹೂಳುವುದು ದುಡ್ಡು ದಂಡ. ಮಣ್ಣು ಒಣಗಿದ್ದಾಗ ಆ ಪದರವನ್ನು ಆಳದ ಕುಳದಿಂದ ಸೀಳಿ, ಆಳಕ್ಕೆ ಬೇರು ಬಿಡುವ ಹಸಿರೆಲೆ ಗೊಬ್ಬರದ ಬೆಳೆಯೊಂದನ್ನು ಹಾಕಿದರೆ ಅರ್ಧ ಕೆಲಸ ಆದಂತೆ. ಹಸಿ ಇದ್ದಾಗ ಸೀಳಲು ಹೋದರೆ ಪದರ ಒಡೆಯುವ ಬದಲು ಮೆತ್ತಿಕೊಳ್ಳುತ್ತದೆ.

ಇಂಗುವ ವೇಗವನ್ನೂ ಇದೇ ಹೊತ್ತಿಗೆ ನೋಡಿಬಿಡಿ. 30 ಸೆಂ.ಮೀ. ಆಳ, ಅಷ್ಟೇ ಅಗಲದ ಇನ್ನೊಂದು ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಎರಡನೇ ಸಲ ತುಂಬಿ, ಗಂಟೆಗೆ ಎಷ್ಟು ಇಳಿಯಿತೆಂದು ಕೋಲಿನಲ್ಲಿ ಅಳೆಯಿರಿ. ಮೊದಲ ಸಲದ ಅಳತೆ ನಂಬುವಂಥದ್ದಲ್ಲ, ಒಣ ಮಣ್ಣು ಗಬಗಬ ಕುಡಿಯುತ್ತದೆ. ಗಂಟೆಗೆ ಎರಡೂವರೆಯಿಂದ ಏಳೂವರೆ ಸೆಂ.ಮೀ. ಇಳಿದರೆ ಬಹುತೇಕ ಗಿಡಗಳಿಗೆ ಒಳ್ಳೆಯದು. ಅದಕ್ಕಿಂತ ತೀರಾ ಕಡಿಮೆಯಾದರೆ ಬಸಿಯುವ ಏರ್ಪಾಡು ಬೇಕೇ ಬೇಕು.

ಕೊಳವೆ ಇಳಿಸಿ, ಮಟ್ಟ ಬರೆದಿಡಿ

ಕಣ್ಣಿಗೆ ಕಾಣದ ನೀರಿನ ಬಗ್ಗೆ ಊಹೆಯ ಮೇಲೆ ತೀರ್ಮಾನ ಮಾಡುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ಎರಡು ಮೀಟರ್ ಉದ್ದದ, 5 ಸೆಂ.ಮೀ. ವ್ಯಾಸದ ಪಿ.ವಿ.ಸಿ. ಕೊಳವೆ ಸಿಕ್ಕರೆ ಸಾಕು. ಅದರ ಕೆಳಗಿನ ಒಂದು ಮೀಟರಿನ ಸುತ್ತ 5 ಮಿ.ಮೀ. ತೂತು ಕೊರೆದು, ಆ ಭಾಗಕ್ಕೆ ಸಣ್ಣ ಕಣ್ಣಿನ ನೈಲಾನ್ ಬಟ್ಟೆ ಸುತ್ತಿ ತಂತಿಯಿಂದ ಬಿಗಿಯಿರಿ. ಕೆಳತುದಿಗೆ ಮುಚ್ಚಳ ಹಾಕಿ. ಬೈರಿಗೆಯಿಂದ ಕೊರೆದ ರಂಧ್ರಕ್ಕೆ ಇಳಿಸಿ, ಸುತ್ತಲೂ ದಪ್ಪ ಮರಳು ತುಂಬಿ. ಮೇಲಿನ 30 ಸೆಂ.ಮೀ. ಮಾತ್ರ ಜೇಡಿಮಣ್ಣು ಮೆತ್ತಿ ಗಟ್ಟಿ ಮಾಡಿ. ಇದನ್ನು ಬಿಟ್ಟರೆ ಮಳೆ ನೀರು ಕೊಳವೆಯ ಬೆನ್ನಿಗೇ ಇಳಿದು ಸುಳ್ಳು ಲೆಕ್ಕ ತೋರಿಸುತ್ತದೆ. ಮೇಲ್ತುದಿಗೆ ಒಂದು ಮುಚ್ಚಳ, ಅದರಲ್ಲಿ ಗಾಳಿಯಾಡಲು ಸೂಜಿಯಷ್ಟು ತೂತು.

ಅಳೆಯುವುದಕ್ಕೆ ಯಾವ ಉಪಕರಣವೂ ಬೇಡ. ಬಡಗಿಯ ಟೇಪಿನ ತುದಿಗೆ ಸೀಮೆಸುಣ್ಣ ತಿಕ್ಕಿ ಇಳಿಬಿಟ್ಟು ಮೇಲೆಳೆದರೆ, ನೀರು ಮುಟ್ಟಿದ ಜಾಗದಲ್ಲಿ ಸುಣ್ಣ ಕಪ್ಪಾಗಿರುತ್ತದೆ. ಕೊಳವೆಯ ಬಾಯಿಯಿಂದ ನೀರಿನವರೆಗೆ ಎಷ್ಟು ಎಂದು ಲೆಕ್ಕ ಹಾಕಿ, ನೆಲದಿಂದ ಮೇಲೆ ಕೊಳವೆ ಎಷ್ಟು ಎದ್ದಿದೆಯೋ ಅಷ್ಟನ್ನು ಕಳೆಯಿರಿ. ಉದಾಹರಣೆಗೆ ಬಾಯಿಯಿಂದ ನೀರಿಗೆ 104 ಸೆಂ.ಮೀ., ಎದ್ದಿರುವುದು 30. ಹಾಗಾದರೆ ನೀರು ನೆಲದಿಂದ 74 ಸೆಂ.ಮೀ. ಕೆಳಗಿದೆ. ಜೇಡಿಮಣ್ಣಿನಲ್ಲಿ ಹೊಸದಾಗಿ ಇಳಿಸಿದ ಕೊಳವೆಗೆ ನೀರು ಬಂದು ನಿಲ್ಲಲು ಒಂದು ದಿನಕ್ಕೂ ಹೆಚ್ಚು ಬೇಕಾಗಬಹುದು, ಅವಸರಪಡಬೇಡಿ.

ಒಂದೇ ಕೊಳವೆ ಸಾಲದು. ಬಸಿಗಾಲುವೆಯ ಪಕ್ಕದಲ್ಲಿ ಒಂದು, ಎರಡು ಕಾಲುವೆಗಳ ನಟ್ಟನಡುವೆ ಒಂದು ಇರಲಿ. ಎರಡು ಕಾಲುವೆಗಳ ಮಧ್ಯೆ ನೀರಿನ ಮಟ್ಟ ಕಮಾನಿನಂತೆ ಉಬ್ಬಿರುತ್ತದೆ. ಅಂಚಿನಲ್ಲಿ ಚೆನ್ನಾಗಿದ್ದ ಗಿಡ ನಡುವೆ ಹಳದಿಯಾಗುವುದು ಈ ಉಬ್ಬಿನಿಂದಲೇ. ವಾರಕ್ಕೊಮ್ಮೆ ಅಳೆಯಿರಿ, ದೊಡ್ಡ ಮಳೆಯಾದರೆ ಮೂರು ದಿನ ಬಿಡದೆ ಅಳೆಯಿರಿ. ಒಂದು ವರ್ಷ ಬರೆದಿಟ್ಟ ಪುಸ್ತಕ ನಿಮ್ಮ ನೆಲದ ಜಾತಕ ಇದ್ದಂತೆ.

ಬರೆಯುತ್ತಾ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅದೇ 10 ಮಿ.ಮೀ. ಮಳೆಗೆ ಮರಳು ನೆಲದಲ್ಲಿ ಮಟ್ಟ ಅಬ್ಬಬ್ಬಾ ಎಂದರೆ 5 ಸೆಂ.ಮೀ. ಏರಿದರೆ, ಜೇಡಿಯಲ್ಲಿ 25 ಸೆಂ.ಮೀ. ಏರಿಬಿಡಬಹುದು. ಕಾರಣ ಸರಳ. ತೋಯ್ದು ಬಸಿದ ಮೇಲೂ ಜೇಡಿಯ ಸಣ್ಣ ಕಿಂಡಿಗಳಲ್ಲಿ ನೀರು ಉಳಿದೇ ಇರುತ್ತದೆ, ಹೊಸ ನೀರಿಗೆ ಖಾಲಿ ಜಾಗ ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಮರಳಿನಲ್ಲಿ ಅದು ಇಪ್ಪತ್ತರ ಹತ್ತಿರ. ಹಾಗೆಂದು ಹೆದರಬೇಕಿಲ್ಲ. ಜೇಡಿಯಲ್ಲಿ ಸ್ವಲ್ಪವೇ ನೀರು ಹೊರಟರೂ ಮಟ್ಟ ಬೇಗ ಇಳಿಯುತ್ತದೆ. ತೊಂದರೆಯಿರುವುದು ಆ ಸ್ವಲ್ಪ ನೀರು ಹೊರಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ.

ಎಷ್ಟು ಆಳದಲ್ಲಿರಬೇಕು

ತರಕಾರಿಯಂಥ ಮೇಲುಬೇರಿನ ಬೆಳೆಗೆ ನೀರು 60ರಿಂದ 75 ಸೆಂ.ಮೀ. ಕೆಳಗಿದ್ದರೆ ನೆಮ್ಮದಿ. ಮರಗಳಿಗೆ ಒಂದು ಮೀಟರಿಗಿಂತ ಹೆಚ್ಚು ಬೇಕು. ಭಾರಿ ಮಳೆಯ ದಿನ ಈ ಲೆಕ್ಕ ತಪ್ಪುವುದು ಸಹಜ. ಮಳೆ ನಿಂತ ಒಂದೆರಡು ದಿನದೊಳಗೆ ಮಟ್ಟ 30 ಸೆಂ.ಮೀ.ಗಿಂತ ಕೆಳಗಿಳಿದರೆ ಹೆಚ್ಚಿನ ಗಿಡಗಳು ತಡೆದುಕೊಳ್ಳುತ್ತವೆ.

ತೀರಾ ಆಳಕ್ಕೆ ಇಳಿಸುವುದೂ ನಷ್ಟವೇ. ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಹೀರುತ್ತದೆ. ದಪ್ಪ ಮರಳಿನಲ್ಲಿ ಈ ಏರಿಕೆ 20ರಿಂದ 50 ಸೆಂ.ಮೀ., ಮಧ್ಯಮ ಮಣ್ಣಿನಲ್ಲಿ 50ರಿಂದ 80, ಜೇಡಿಯಲ್ಲಿ ಅದಕ್ಕೂ ಹೆಚ್ಚು. ಬೇರಿನ ತುದಿಯಿಂದ ಅಷ್ಟೇ ಕೆಳಗೆ ನೀರು ನಿಂತಿದ್ದರೆ ಗಿಡ ಪುಕ್ಕಟೆ ಕುಡಿಯುತ್ತದೆ, ನೀವು ನೀರು ಕೊಡುವ ದಿನಗಳು ಕಡಿಮೆಯಾಗುತ್ತವೆ.

ಆದರೆ ಕೆಳಗಿನ ನೀರು ಉಪ್ಪಾಗಿದ್ದರೆ ಈ ಬತ್ತಿಯೇ ಶತ್ರು. ನೀರು ಮೇಲೆ ಬಂದು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೆಲದ ಮೇಲೆ ಬಿಳಿ ಪುಡಿ ಕಾಣುವ ಹೊತ್ತಿಗೆ ಬೇರಿನ ಪದರದಲ್ಲಿ ಸವಳು ಬಲಿತಿರುತ್ತದೆ. ಒಣ ಹವೆಯ, ಉಪ್ಪು ನೀರಿನ ನೆಲದಲ್ಲಿ ಮಟ್ಟವನ್ನು ಒಂದೂವರೆಯಿಂದ ಎರಡು ಮೀಟರ್ ಕೆಳಗೇ ಇಡಬೇಕು. ಆದ್ದರಿಂದ ಕೊಳವೆಯಲ್ಲಿ ನೀರು ಕಂಡ ಮೊದಲ ದಿನವೇ ಒಂದು ಬಾಟಲಿ ಮೇಲೆತ್ತಿ ಉಪ್ಪಿನ ಅಳತೆ ಮಾಡಿಸಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಅಂಕೆಯ ಮೇಲೆ ನಿಂತಿವೆ.

ನೀರಿಗೆ ದಾರಿ ಮಾಡುವುದು

ಅಗ್ಗದ ಉಪಾಯದಿಂದ ಶುರು ಮಾಡಿ. ನೆಲವನ್ನು ತಗ್ಗಿಸುವುದಕ್ಕಿಂತ ಗಿಡವನ್ನು ಎತ್ತರಿಸುವುದು ಸುಲಭ. 20ರಿಂದ 30 ಸೆಂ.ಮೀ. ಎತ್ತರದ ಏರುಮಡಿ, ಮಡಿಗಳ ನಡುವಿನ ಸಾಲಿಗೆ ಒಂದೇ ದಿಕ್ಕಿನ ಇಳಿಜಾರು. ಎಷ್ಟೋ ಕಡೆ ಇಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ. ಮೇಲಿನ ಜಾಗದಿಂದ ಹರಿದು ಬರುವ ನೀರನ್ನು ತಡೆಯಲು ಎತ್ತರದ ಅಂಚಿನಲ್ಲೇ ಅಡ್ಡ ಕಾಲುವೆ ತೋಡಿ. ಒಳಗೆ ಬಂದ ನೀರನ್ನು ಹೊರಹಾಕುವ ಬದಲು ಬರದಂತೆ ನೋಡಿಕೊಳ್ಳುವುದು ಯಾವಾಗಲೂ ಲಾಭ. ತೆರೆದ ಕಾಲುವೆಯ ದಂಡೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯಬೇಡಿ. ಜೇಡಿಯಲ್ಲಿ ಒಂದು ಅಡಿ ಆಳಕ್ಕೆ ಒಂದು ಅಡಿ ಓರೆ, ಮರಳಿನಲ್ಲಿ ಎರಡು ಅಡಿ ಓರೆ ಕೊಟ್ಟರೆ ಕುಸಿಯುವುದಿಲ್ಲ.

ಇದು ಸಾಲದಿದ್ದರೆ ಮಾತ್ರ ನೆಲದೊಳಗಿನ ತೂತು ಕೊಳವೆ. 80ರಿಂದ 100 ಮಿ.ಮೀ. ವ್ಯಾಸದ ಸುಕ್ಕುಗಟ್ಟಿದ ಕೊಳವೆಯನ್ನು ಒಂದು ಮೀಟರ್ ಆಸುಪಾಸಿನ ಆಳದಲ್ಲಿ ಹೂಳುತ್ತಾರೆ. ಜೇಡಿಯಲ್ಲಿ ಸಾಲಿನಿಂದ ಸಾಲಿಗೆ ಸುಮಾರು 10 ಮೀಟರ್, ಹಗುರ ಮಣ್ಣಿನಲ್ಲಿ 30 ಮೀಟರ್ ಅಥವಾ ಇನ್ನೂ ಹೆಚ್ಚು ಅಂತರ. ಈ ಅಂತರದ ಲೆಕ್ಕಕ್ಕೆ ನೆದರ್ಲೆಂಡ್ಸ್‌ನ ಮಣ್ಣು ವಿಜ್ಞಾನಿ ಹೂಗ್‌ಹೌಟ್ 1940ರಲ್ಲಿ ಕೊಟ್ಟ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ದೊಡ್ಡ ಜಾಗವಾದರೆ ಅವರಿಂದಲೇ ಲೆಕ್ಕ ಹಾಕಿಸಿ, ಅಂದಾಜಿಗೆ ಬಿಡಬೇಡಿ.

ತೋಡುವುದು ಯಾವಾಗಲೂ ನೀರು ಹೊರಬೀಳುವ ತುದಿಯಿಂದ, ಮೇಲ್ಮುಖವಾಗಿ. ಹಾಗೆ ಮಾಡಿದರೆ ತೋಡುವಾಗಲೇ ಬಂದ ನೀರು ತಾನಾಗಿ ಹರಿದುಹೋಗಿ, ಕೆಸರಿನಲ್ಲಿ ನಿಂತು ಕೆಲಸ ಮಾಡುವುದು ತಪ್ಪುತ್ತದೆ. ಇಳಿಜಾರು ನೂರು ಮೀಟರಿಗೆ ಕನಿಷ್ಠ 10ರಿಂದ 20 ಸೆಂ.ಮೀ. ಇಷ್ಟು ಸಣ್ಣ ಇಳಿಜಾರನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ನಾನು ಮೊದಲ ಸಲ ಕಣ್ಣಳತೆಯನ್ನೇ ನಂಬಿದೆ. ಮಧ್ಯದಲ್ಲಿ ಕೊಳವೆ ಒಂದು ಗೇಣು ಜೋತುಬಿದ್ದದ್ದು ಗೊತ್ತಾಗಲಿಲ್ಲ. ಆ ಹೊಟ್ಟೆಯಲ್ಲಿ ಗೋಡು, ಅಂದರೆ ನುಣ್ಣನೆಯ ಹೂಳು, ಕೂತು, ಎರಡನೇ ಮಳೆಗಾಲಕ್ಕೆ ಕೊಳವೆ ಕಟ್ಟಿಕೊಂಡು, ಮುಚ್ಚಿದ್ದನ್ನೆಲ್ಲ ಮತ್ತೆ ಅಗೆಯಬೇಕಾಯಿತು. ಗಾರೆ ಕೆಲಸದವರು ಬಳಸುವ ಪಾರದರ್ಶಕ ಟ್ಯೂಬ್‌ಗೆ ನೀರು ತುಂಬಿ ಐದೈದು ಮೀಟರಿಗೆ ಮಟ್ಟ ನೋಡಿಕೊಂಡಿದ್ದರೆ ಆ ದಂಡ ಉಳಿಯುತ್ತಿತ್ತು.

ಕೊಳವೆಯ ಸುತ್ತ ಒಂದು ಹಿಡಿಯಗಲ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಹಾಕಿ. ನುಣ್ಣನೆಯ ಮರಳು ಮತ್ತು ಗೋಡು ಮಣ್ಣಿನಲ್ಲಿ ಕೊಳವೆಗೆ ಬಟ್ಟೆಯ ಚೀಲವನ್ನೂ ತೊಡಿಸಬೇಕು. ಮರದ ಹತ್ತಿರ ಹಾಯುವಾಗ ತೂತಿಲ್ಲದ ಕೊಳವೆ ಬಳಸಿ. ಬೇರಿಗೆ ನೀರಿನ ಜಾಡು ಸಿಕ್ಕರೆ ಒಳಗೆ ನುಗ್ಗಿ, ಕುದುರೆ ಬಾಲದಂತೆ ಬೆಳೆದು ಕೂರುತ್ತದೆ. ಕಬ್ಬಿಣದಂಶ ಹೆಚ್ಚಿರುವ ನೆಲದಲ್ಲಿ ಕಿತ್ತಳೆ ಬಣ್ಣದ ಲೋಳೆ ಕೊಳವೆಯನ್ನು ಕಟ್ಟುತ್ತದೆ. ಅಂಥ ಕಡೆ ಮೇಲಿನ ತುದಿಯಲ್ಲಿ ನೆಲಮಟ್ಟಕ್ಕೆ ಒಂದು ಬಾಯಿ ಬಿಟ್ಟರೆ ವರ್ಷಕ್ಕೊಮ್ಮೆ ಜೋರು ನೀರು ಬಿಟ್ಟು ತೊಳೆಯಬಹುದು.

ದಾರಿಗೊಂದು ಬಾಗಿಲು

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಆದರೂ ಹೆಚ್ಚಿನವರು ಮಾಡದ ಕೆಲಸ ಇದು. ಕೊಳವೆ ಹೊರಬರುವ ತುದಿಗೆ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ) ಹಾಕಿ, ಅದಕ್ಕೆ ಬೇಕಾದಷ್ಟು ಉದ್ದದ ತುಂಡು ಕೊಳವೆ ಸಿಕ್ಕಿಸಿ. ಅಂಟು ಹಾಕಬೇಡಿ, ರಬ್ಬರ್ ರಿಂಗ್ ಇರುವ, ಕೈಯಿಂದ ತಿರುಗಿಸಬಲ್ಲ ಜೋಡಣೆ ಇರಲಿ. ತುಂಡು ಕೊಳವೆ ಮೇಲ್ಮುಖವಾಗಿ ನಿಂತರೆ, ಒಳಗಿನ ನೀರು ಅದರ ಬಾಯಿಯ ಮಟ್ಟಕ್ಕೆ ಏರುವ ತನಕ ಒಂದು ಹನಿಯೂ ಹೊರಗೆ ಹೋಗದು. ಓರೆ ಮಾಡಿದರೆ ಅಷ್ಟು ಮಟ್ಟ ಇಳಿಯುತ್ತದೆ. ಪೂರ್ತಿ ಮಲಗಿಸಿದರೆ ಎಲ್ಲ ಬಸಿಯುತ್ತದೆ. ಕೆರೆಗೆ ಕೋಡಿ ಹೇಗೋ, ನೆಲದೊಳಗಿನ ನೀರಿಗೆ ಇದು ಹಾಗೆ. ಕೈಯಲ್ಲಿ ಎತ್ತಿ ಇಳಿಸಬಹುದಾದ ಕೋಡಿ ಅಷ್ಟೇ. ತೆರೆದ ಕಾಲುವೆಗಾದರೆ ಎರಡು ಕಡೆ ಹಲಗೆ ಕೂರುವ ಸೀಳು ಕೊಟ್ಟ ಸಣ್ಣ ಕಟ್ಟೆ, ಅದರಲ್ಲಿ ಒಂದರ ಮೇಲೊಂದು ಇಳಿಸುವ ಹಲಗೆಗಳು.

ಯಾವಾಗ ಎತ್ತುವುದು, ಯಾವಾಗ ಇಳಿಸುವುದು? ನೆಲ ಹದ ಮಾಡುವ ಒಂದೆರಡು ವಾರ ಮೊದಲು ಪೂರ್ತಿ ಇಳಿಸಿ, ಆಗಲೇ ಮಣ್ಣು ಕಾಲೂರಲು ಗಟ್ಟಿಯಾಗುವುದು. ಸಸಿ ಬೇರೂರಿದ ಮೇಲೆ ಎತ್ತಿ, ಮಟ್ಟ 60 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲಲಿ. ದೊಡ್ಡ ಮಳೆಯ ಮುನ್ಸೂಚನೆ ಬಂದರೆ ಒಂದು ದಿನ ಮೊದಲೇ ಇಳಿಸಿ, ಮಳೆ ನಿಂತು ಎರಡು ದಿನದ ಮೇಲೆ ಮತ್ತೆ ಎತ್ತಿ. ಕೊಯ್ಲಿಗೆ ಮುನ್ನ ಇಳಿಸಿ. ಬೆಳೆ ಇಲ್ಲದ ದಿನಗಳಲ್ಲಿ, ನೀರು ಸಿಹಿಯಾಗಿದ್ದರೆ, ಮಟ್ಟವನ್ನು ನೆಲದಿಂದ 30 ಸೆಂ.ಮೀ. ಕೆಳಗಿನವರೆಗೂ ಎತ್ತಿಡಬಹುದು. ಬಸಿದು ಹೋಗುವ ನೀರೇ ಕಡಿಮೆಯಾಗುವುದರಿಂದ ಅದರೊಂದಿಗೆ ತೊಳೆದು ಹೋಗುವ ನೈಟ್ರೇಟ್ (ನೀರಿನಲ್ಲಿ ಕರಗಿದ ಗೊಬ್ಬರದ ಸಾರಜನಕ) ಕೂಡ ಕಡಿಮೆಯಾಗುತ್ತದೆ. ಉಪ್ಪಿನ ನೆಲದಲ್ಲಿ ಮಾತ್ರ ಈ ಕೊನೆಯ ಸಲಹೆ ಬೇಡ.

ಒಂದು ಮಿತಿ ಇದೆ. ಈ ಬಾಗಿಲು ಕೆಲಸ ಮಾಡುವುದು ಸಮತಟ್ಟಾದ ನೆಲದಲ್ಲಿ, ನೂರಕ್ಕೆ ಒಂದರಷ್ಟು ಇಳಿಜಾರಿನೊಳಗೆ. ಅದಕ್ಕಿಂತ ಇಳಿಜಾರಿದ್ದರೆ ಕೆಳಗಿನ ಅಂಚು ಮುಳುಗಿ ಮೇಲಿನ ಅಂಚು ಒಣಗಿರುತ್ತದೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಲವು ಬಾಗಿಲು ಬೇಕಾಗುತ್ತವೆ.

ಬಸಿದ ನೀರನ್ನು ಹಿಡಿಯುವುದು

ಲೆಕ್ಕ ಬಲು ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಬಸಿಗೊಳವೆಗಳನ್ನು ಸಾಮಾನ್ಯವಾಗಿ ದಿನಕ್ಕೆ 10ರಿಂದ 13 ಮಿ.ಮೀ. ನೀರು ಹೊರಹಾಕುವ ಅಂದಾಜಿನಲ್ಲಿ ಹಾಕುತ್ತಾರೆ. ಹಾಗಾಗಿ 1,000 ಚದರ ಮೀಟರ್ ತೋಟದಿಂದ ಮಳೆಗಾಲದ ಒಂದು ದಿನ 10,000 ಲೀಟರಿಗೂ ಹೆಚ್ಚು ಬರಬಹುದು. ಅಷ್ಟನ್ನೂ ಹಿಡಿಯುವ ಹಠ ಬೇಡ. ಎರಡು ಮೂರು ದಿನದ ಬಸಿನೀರು ಹಿಡಿಯುವಷ್ಟು ಹೊಂಡ, ಹೆಚ್ಚಾದದ್ದು ಹೋಗಲು ಕೋಡಿ. ಕೆಳಗಿನ ಹಳ್ಳಕ್ಕೂ ಕೆಳಗಿನವರಿಗೂ ಪಾಲಿದೆ ಎಂಬುದು ನೆನಪಿರಲಿ. ಹಲವು ಕಡೆ ಅದಕ್ಕೆ ಕಾನೂನೂ ಇದೆ.

ಹೊಂಡಕ್ಕೆ ಮುಂಚೆ ಒಂದು ಹೂಳುಗುಂಡಿ ಕಡ್ಡಾಯ. ನೀರು ಒಂದು ಕಡೆಯಿಂದ ಬಂದು, ಅಡ್ಡಗೋಡೆ ದಾಟಿ, ಇನ್ನೊಂದು ಕಡೆ ನಿಧಾನವಾಗಿ ಉಕ್ಕಿ ಹೋಗುವಂತಿರಲಿ. ಗೋಡು ಇಲ್ಲೇ ಕೂರುತ್ತದೆ, ಅದನ್ನು ಎತ್ತಿ ಮಡಿಗೇ ಹಾಕಬಹುದು. ಗೊಬ್ಬರ ಹಾಕಿದ ಮೇಲೆ ಬರುವ ಮೊದಲ ಜೋರು ಮಳೆಯ ನೀರು ಬಹಳ ಗಾಢವಾಗಿರುತ್ತದೆ. ಬಳಸಲು ಹೆದರಿ ಹೊರಗೆ ಬಿಡುವವರಿದ್ದಾರೆ. ನಾನಾದರೆ ಅದನ್ನೇ ಮೊದಲು ಹಿಡಿಯುತ್ತೇನೆ, ನಾವು ಹಾಕಿದ ಗೊಬ್ಬರ ಅದರಲ್ಲೇ ಇರುವುದು.

ಎಷ್ಟಿದೆ ಎಂಬುದಕ್ಕೂ ಲೆಕ್ಕವಿದೆ. ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಸಾರಜನಕ ಇದ್ದರೆ, 10,000 ಲೀಟರಿನಲ್ಲಿ 100 ಗ್ರಾಂ. ಇಡೀ ಹೆಕ್ಟೇರಿನಿಂದ ಒಂದು ಋತುವಿನಲ್ಲಿ 100 ಮಿ.ಮೀ. ಬಸಿದರೆ 10 ಕಿಲೋ ಸಾರಜನಕ ಕೊಚ್ಚಿಹೋಯಿತು. ಅದನ್ನು ಮರಳಿ ಕೊಟ್ಟಾಗ ಗೊಬ್ಬರದ ಲೆಕ್ಕದಲ್ಲಿ ಅಷ್ಟನ್ನು ಕಡಿಮೆ ಮಾಡಿ. ಇಲ್ಲದಿದ್ದರೆ ಗಿಡ ಸೊಕ್ಕಿ ಎಲೆ ಬಿಡುತ್ತದೆ, ಕಾಯಿ ಕಟ್ಟುವುದು ತಡವಾಗುತ್ತದೆ.

ಉಪ್ಪಿನ ಲೆಕ್ಕ

ಒಂದು ವರ್ಷ ನನ್ನ ಹೊಂಡದ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಅಳೆಯುವ ಗೋಜಿಗೆ ಹೋಗದೆ ಬೀನ್ಸ್ ಸಸಿಗೆ ಬಿಟ್ಟೆ. ಹತ್ತನೇ ದಿನಕ್ಕೆ ಹಳೆಯ ಎಲೆಗಳ ಅಂಚು, ಕಾಗದವನ್ನು ಬೆಂಕಿಯ ಹತ್ತಿರ ಹಿಡಿದರೆ ಹೇಗೋ ಹಾಗೆ ಕಂದಾಗಿ ಒಳಮುಖವಾಗಿ ಸುರುಳಿಯಾಯಿತು. ನಡುಭಾಗ ಮಾತ್ರ ಹಸಿರಾಗಿಯೇ ಇತ್ತು. ಆಮೇಲೆ ಇ.ಸಿ. ಮೀಟರ್ ಅದ್ದಿ ನೋಡಿದರೆ 2.6. ತಿಳಿ ಎಂದರೆ ಸಿಹಿ ಎಂದಲ್ಲ ಎಂಬುದು ಸಣ್ಣ ಪಾಠವೇ, ಆದರೆ ಒಂದು ಮಡಿ ಬೀನ್ಸ್ ಹೋಯಿತು.

ಇ.ಸಿ. ಎಂದರೆ ನೀರಿನ ವಿದ್ಯುತ್ ವಾಹಕತೆ, ಕರಗಿದ ಉಪ್ಪಿನ ಅಂದಾಜು. ಅಂಕೆ ಡೆಸಿಸೈಮನ್ ಪ್ರತಿ ಮೀಟರಿನಲ್ಲಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ನೀರಾವರಿಗೆ 0.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 0.7ರಿಂದ 3ರವರೆಗೆ ಎಚ್ಚರಿಕೆ ಬೇಕು, 3 ದಾಟಿದರೆ ಕಠಿಣ ನಿರ್ಬಂಧ. ಇ.ಸಿ. 1 ಇರುವ ಒಂದು ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಉಪ್ಪಿರುತ್ತದೆ. ಸಣ್ಣದೆನಿಸಬಹುದು. ಅದೇ ನೀರನ್ನು 1,000 ಚದರ ಮೀಟರಿಗೆ 100 ಮಿ.ಮೀ. ಕೊಟ್ಟರೆ 64 ಕಿಲೋ ಉಪ್ಪು ಸುರಿದಂತೆ. ಬಸಿನೀರನ್ನು ಸುತ್ತಿ ಸುತ್ತಿ ಬಳಸುತ್ತಾ ಹೋದಷ್ಟೂ ನೀರು ಗಿಡದ ಮೂಲಕ ಗಾಳಿಗೆ ಹೋಗುತ್ತದೆ, ಉಪ್ಪು ನಮ್ಮಲ್ಲೇ ತಿರುಗುತ್ತಿರುತ್ತದೆ.

ದಾರಿಗಳು ಎರಡು. ಮೊದಲನೆಯದು ಬೆರೆಸುವುದು. ಬಸಿನೀರು 3.0, ಸಿಹಿನೀರು 0.5, ನಿಮಗೆ ಬೇಕಾದದ್ದು 1.2 ಎಂದಿಟ್ಟುಕೊಳ್ಳಿ. ಬೇಕಾದದ್ದರಿಂದ ಸಿಹಿಯನ್ನು ಕಳೆಯಿರಿ: 0.7. ಬಸಿನೀರಿನಿಂದ ಸಿಹಿಯನ್ನು ಕಳೆಯಿರಿ: 2.5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.28. ಅಂದರೆ ನೂರು ಲೀಟರಿನಲ್ಲಿ 28 ಲೀಟರ್ ಬಸಿನೀರು, 72 ಸಿಹಿನೀರು. ಈಜಿಪ್ಟಿನ ನೈಲ್ ಮುಖಜಭೂಮಿಯಲ್ಲಿ ಬಸಿಗಾಲುವೆಯ ನೀರನ್ನು ಪಂಪಿನಿಂದ ಎತ್ತಿ ಸಿಹಿನೀರಿನ ಕಾಲುವೆಗೆ ಸೇರಿಸುವುದು ಇದೇ ತತ್ವದ ಮೇಲೆ.

ಎರಡನೆಯದು ತೊಳೆಯುವುದು: ಗಿಡಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ನೀರು ಕೊಟ್ಟು ಉಪ್ಪನ್ನು ಬೇರಿನ ಕೆಳಗೆ ತಳ್ಳುವುದು. ಎಷ್ಟು ಹೆಚ್ಚು ಎಂಬುದು ಬೆಳೆ ತಾಳುವ ಉಪ್ಪಿನ ಮೇಲೆ ನಿಂತಿದೆ. ಟೊಮೆಟೊ ಮಣ್ಣಿನ ಇ.ಸಿ. 2.5ರವರೆಗೆ ಇಳುವರಿ ಕುಂದದೆ ತಾಳುತ್ತದೆ. ಇದನ್ನು ಐದರಿಂದ ಗುಣಿಸಿ (12.5), ನೀರಿನ ಇ.ಸಿ.ಯನ್ನು ಕಳೆದು, ಬಂದದ್ದರಿಂದ ನೀರಿನ ಇ.ಸಿ.ಯನ್ನು ಭಾಗಿಸಿ. ನೀರು 1.5 ಆದರೆ 1.5 ಭಾಗ 11, ಅಂದರೆ ಕೊಟ್ಟ ನೀರಿನಲ್ಲಿ ನೂರಕ್ಕೆ 14 ಪಾಲು ಕೆಳಗೆ ಬಸಿಯಬೇಕು. ಅದೇ ನೀರನ್ನು 1.0 ಮಾತ್ರ ತಾಳುವ ಬೀನ್ಸ್‌ಗೆ ಕೊಟ್ಟರೆ ಪಾಲು 43ಕ್ಕೆ ಏರುತ್ತದೆ. ಕೊಟ್ಟದ್ದರಲ್ಲಿ ಅರ್ಧದ ಹತ್ತಿರ ತೊಳೆಯಲು ಹೋಗುವುದಾದರೆ ಆ ಬೆಳೆಗೆ ಆ ನೀರು ಸಲ್ಲದು ಎಂದೇ ಅರ್ಥ.

ಸೋಡಿಯಂ ಬೇರೆಯೇ ಪುರಾಣ. ಉಪ್ಪಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಕಿಂಡಿಗಳನ್ನು ಮುಚ್ಚುತ್ತವೆ, ನೀರು ಇಂಗುವುದೇ ನಿಲ್ಲುತ್ತದೆ. ಮನೆಯಲ್ಲೇ ನೋಡುವುದಾದರೆ, ಒಣ ಮಣ್ಣಿನ ಒಂದು ಸಣ್ಣ ಹೆಂಟೆಯನ್ನು ಲೋಟದ ಶುದ್ಧ ಮಳೆನೀರಿಗೆ ಮೆಲ್ಲಗೆ ಇಳಿಸಿ, ಅಲುಗಿಸದೆ ಬಿಡಿ. ಹೆಂಟೆಯ ಸುತ್ತ ಹಾಲಿನಂಥ ಮೋಡ ಹಬ್ಬಿದರೆ ಸೋಡಿಯಂ ಇದೆ. ಇಂಥ ನೆಲಕ್ಕೆ ಬರೀ ಮಳೆನೀರು ಬಿದ್ದರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ ಎಂಬುದು ಅನೇಕರಿಗೆ ನಂಬಲಾಗದ ಮಾತು. ಉಪ್ಪು ಕಡಿಮೆಯಾದಷ್ಟೂ ಕಣಗಳು ಹೆಚ್ಚು ಚದುರುತ್ತವೆ. ಅಲ್ಲಿ ಮೊದಲು ಜಿಪ್ಸಂ, ಆಮೇಲೆ ತೊಳೆಯುವುದು. ಎಷ್ಟು ಜಿಪ್ಸಂ ಎಂಬುದು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು.

ಸೋಸುವುದು

ಉಪ್ಪನ್ನು ಮರಳಿನಲ್ಲಿ ಸೋಸಿ ತೆಗೆಯಲಾಗದು, ರೋಗವನ್ನು ತೆಗೆಯಬಹುದು. ಬೇರು ಕೊಳೆ ತರುವ ಪಿಥಿಯಂ, ಫೈಟಾಫ್ಥೊರಾ ಜಾತಿಯ ಜೀವಿಗಳ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಒಂದು ಗಿಡದ ರೋಗವನ್ನು ಮರುಬಳಕೆಯ ನೀರು ಇಡೀ ತೋಟಕ್ಕೆ ಹಂಚಬಹುದು.

ನನಗೆ ಹಿಡಿಸಿದ್ದು ನಿಧಾನ ಮರಳು ಸೋಸುಕ. ಡ್ರಮ್ಮಿನ ತಳಕ್ಕೆ ಜಲ್ಲಿ, ಅದರ ಮೇಲೆ 60ರಿಂದ 80 ಸೆಂ.ಮೀ. ತೊಳೆದ ಸಣ್ಣ ಮರಳು. ಒಂದು ಚದರ ಮೀಟರ್ ಮರಳಿನಿಂದ ಗಂಟೆಗೆ 100ರಿಂದ 200 ಲೀಟರ್, ಅದಕ್ಕಿಂತ ಜೋರು ಬೇಡ. ಕೆಲವು ವಾರದಲ್ಲಿ ಮರಳಿನ ಮೇಲೆ ಕಂದು ಲೋಳೆಯ ತೆಳುಪದರ ಕಟ್ಟುತ್ತದೆ. ಕೊಳಕೆಂದು ತೊಳೆದುಬಿಡಬೇಡಿ, ಸೋಸುವ ಕೆಲಸ ಮಾಡುವುದೇ ಆ ಪದರದ ಜೀವಿಗಳು. ಅವು ಸಾಯಬಾರದೆಂದರೆ ಮರಳಿನ ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರಬೇಕು. ಅದಕ್ಕಾಗಿ ಹೊರಗೊಳವೆಯ ಬಾಯಿಯನ್ನು ಮರಳಿನ ಮಟ್ಟಕ್ಕಿಂತ ಮೇಲೆ ತಂದು ಬಾಗಿಸಿ. ಹರಿವು ತೀರಾ ಕಡಿಮೆಯಾದಾಗ ಮಾತ್ರ ಮೇಲಿನ ಒಂದೆರಡು ಸೆಂ.ಮೀ. ಮರಳು ಕೆರೆದು ತೆಗೆಯಿರಿ. ಜಾಗ ಹೆಚ್ಚಿದ್ದವರು ಸೋಸುಕಕ್ಕೆ ಮುಂಚೆ ಆಪು, ಜೊಂಡು ಬೆಳೆದ ಆಳವಿಲ್ಲದ ಹೊಂಡದ ಮೂಲಕ ನೀರು ಹಾಯಿಸಿದರೆ ಗೋಡೂ ನೈಟ್ರೇಟೂ ಇಳಿಯುತ್ತವೆ.

ಕಳೆನಾಶಕ ಹೊಡೆದ ಜಾಗದ ನೀರಿನ ಬಗ್ಗೆ ಅನುಮಾನವಿದ್ದರೆ ಹಳೆಯ ಉಪಾಯವೊಂದಿದೆ. ಎರಡು ಕುಂಡಗಳಲ್ಲಿ ಬೀನ್ಸ್ ಬಿತ್ತಿ, ಒಂದಕ್ಕೆ ಆ ನೀರು, ಇನ್ನೊಂದಕ್ಕೆ ಒಳ್ಳೆಯ ನೀರು ಕೊಡಿ. ಎರಡು ವಾರದಲ್ಲಿ ಎಲೆ ಸೊಟ್ಟಗಾಗಿ ಚಿಗುರು ಮುದುಡಿದರೆ ಉತ್ತರ ಸಿಕ್ಕಿತು.

ಯಾವ ನೀರು ಯಾರಿಗೆ

ಮೊಳಕೆಗೂ ಎಳೆ ಸಸಿಗೂ ಸಿಹಿನೀರೇ ಇರಲಿ, ಬಲಿತ ಗಿಡ ತಾಳುವ ಉಪ್ಪನ್ನು ಅವು ತಾಳವು. ಎಲೆಯ ಮೇಲೆ ಚಿಮುಕಿಸಬೇಡಿ, ಬುಡಕ್ಕೆ ಹನಿಯಾಗಿ ಕೊಡಿ. ಕೊಟ್ಟಿಗೆಯಿಂದಲೋ ಚರಂಡಿಯಿಂದಲೋ ಬಂದು ಸೇರುವ ನೀರಾದರೆ ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡವೇ ಬೇಡ.

ಬೆಳೆಗಳನ್ನು ಉಪ್ಪು ತಾಳುವ ಕ್ರಮದಲ್ಲಿ ಸಾಲಾಗಿ ನಿಲ್ಲಿಸುವುದು ಜಾಣತನ (ಆವರಣದಲ್ಲಿರುವುದು ಇಳುವರಿ ಕುಂದದೆ ತಾಳುವ ಮಣ್ಣಿನ ಇ.ಸಿ.). ಸಿಹಿನೀರು ಮೊದಲು ಬೀನ್ಸ್ (1.0), ಈರುಳ್ಳಿ (1.2), ಮೆಕ್ಕೆಜೋಳಕ್ಕೆ (1.7). ಅಲ್ಲಿ ಬಸಿದದ್ದು ಟೊಮೆಟೊ (2.5), ಬೀಟ್‌ರೂಟ್‌ಗೆ (4.0). ಅಲ್ಲಿಂದ ಬಸಿದದ್ದು ಹತ್ತಿ (7.7), ಬಾರ್ಲಿ (8.0) ಅಥವಾ ಉಪ್ಪು ತಾಳುವ ಮರಗಳಿಗೆ. ಪ್ರತಿ ಮೆಟ್ಟಿಲಿನಲ್ಲೂ ನೀರು ಕಡಿಮೆಯಾಗುತ್ತದೆ, ಉಪ್ಪು ಗಾಢವಾಗುತ್ತದೆ. ಕೊನೆಯಲ್ಲಿ ಉಳಿಯುವ ಚೂರು ಉಪ್ಪುನೀರಿಗೆ ಎಲ್ಲಿ ಜಾಗ ಎಂಬುದನ್ನು ಮೊದಲೇ ಯೋಚಿಸಿರಬೇಕು. ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯ ಇದಕ್ಕೆ ಸಾಕ್ಷಿ. ಹೊಲಗಳ ಬಸಿನೀರನ್ನು ತಂದು ಅಲ್ಲಿ ನಿಲ್ಲಿಸಿದರು. ಮಣ್ಣಿನಿಂದ ಕರಗಿ ಬಂದ ಸೆಲೀನಿಯಂ ವರ್ಷದಿಂದ ವರ್ಷಕ್ಕೆ ಸೇರಿಕೊಂಡು, 1983ರಲ್ಲಿ ಅಲ್ಲಿನ ನೀರಹಕ್ಕಿಗಳ ಮರಿಗಳು ವಿಕಾರವಾಗಿ ಹುಟ್ಟಿದ್ದು ಕಂಡುಬಂತು. ಕೊನೆಗೆ ಅಲ್ಲಿಗೆ ನೀರು ಬಿಡುವುದನ್ನೇ ನಿಲ್ಲಿಸಬೇಕಾಯಿತು.

ಕುಂಡದಲ್ಲಿ ಬೆಳೆಸುವವರಿಗೆ

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಸುಳ್ಳು. ಸಣ್ಣ ಕಿಂಡಿಯ ಮಣ್ಣು ತನ್ನ ನೀರನ್ನು ದೊಡ್ಡ ಕಿಂಡಿಯ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪ್ರತಿ ಕುಂಡದ ತಳದಲ್ಲೂ ನೀರು ನಿಲ್ಲುವ ಒಂದು ಪಟ್ಟಿ ಇದ್ದೇ ಇರುತ್ತದೆ. ಜಲ್ಲಿ ಹಾಕಿದಷ್ಟೂ ಆ ಪಟ್ಟಿ ಬೇರಿನ ಹತ್ತಿರ ಏರುತ್ತದೆ. ಬದಲಿಗೆ ಎತ್ತರದ ಕುಂಡ ಆರಿಸಿ, ಮಣ್ಣಿನ ಮಿಶ್ರಣವನ್ನೇ ತರಿತರಿಯಾಗಿ ಮಾಡಿ. ಒಂದು ತಟ್ಟೆಯ ಮೇಲೆ ಇಟ್ಟು, ಕೊಟ್ಟದ್ದರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಮಾತ್ರ ಕೆಳಗೆ ಬರುವಂತೆ ನೀರು ಕೊಡಿ. ತಟ್ಟೆಯ ನೀರನ್ನು ಅರ್ಧ ಗಂಟೆಯಲ್ಲಿ ಬಗ್ಗಿಸಿ ತೆಗೆದು, ಇ.ಸಿ. ನೋಡಿ, ಬೆರೆಸಿ, ನೆಲದಲ್ಲಿರುವ ದೊಡ್ಡ ಗಿಡಕ್ಕೆ ಹಾಕಿ. ಅದೇ ಕುಂಡಕ್ಕೆ ಮತ್ತೆ ಸುರಿಯುವುದು ತೊಳೆದ ಉಪ್ಪನ್ನು ಮರಳಿ ಉಣಿಸಿದಂತೆ.

ಋತು ಮುಗಿದಾಗ

ಬೆಳೆ ತೆಗೆದ ಮೇಲೆ ಮೂರು ಕಡೆ ಮೇಲಿನ 30 ಸೆಂ.ಮೀ. ಮಣ್ಣು ತೆಗೆದು ಬೆರೆಸಿ, ಒಂದು ಪಾಲು ಒಣಮಣ್ಣಿಗೆ ಐದು ಪಾಲು ಶುದ್ಧ ನೀರು ಕಲಸಿ, ಕೂರಲು ಬಿಟ್ಟು, ಮೇಲಿನ ತಿಳಿಯ ಇ.ಸಿ. ಬರೆದಿಡಿ. ಈ ಅಂಕೆಯನ್ನು ಮೇಲೆ ಹೇಳಿದ ಬೆಳೆಗಳ ಅಂಕೆಗಳೊಂದಿಗೆ ನೇರ ಹೋಲಿಸಬೇಡಿ, ಆ ಅಂಕೆಗಳು ಪ್ರಯೋಗಾಲಯದಲ್ಲಿ ಮಣ್ಣನ್ನು ನೀರಿನಿಂದ ಅಂಬಲಿಯಾಗುವಷ್ಟೇ ಕಲಸಿ, ಅದರಿಂದ ಹಿಂಡಿದ ರಸದವು. ಇದನ್ನು ಹೋಲಿಸಬೇಕಾದದ್ದು ಹೋದ ವರ್ಷದ ನಿಮ್ಮದೇ ಅಂಕೆಯೊಂದಿಗೆ. ಏರಿದ್ದರೆ ಬಾಗಿಲನ್ನು ಪೂರ್ತಿ ಮಲಗಿಸಿ, ಮೊದಲ ಒಳ್ಳೆಯ ಮಳೆಗೆ ನೆಲವನ್ನು ತೊಳೆಯಲು ಬಿಡಿ. ಆ ಸಲದ ಬಸಿನೀರನ್ನು ಹೊಂಡಕ್ಕೆ ಸೇರಿಸದೆ ಕೊನೆಯ ಮೆಟ್ಟಿಲಿನ ಮರಗಳ ಕಡೆಗೆ ತಿರುಗಿಸಿ. ಮಳೆ ನಿಂತು ಮೂರನೇ ದಿನ ಸೀಮೆಸುಣ್ಣದ ಟೇಪನ್ನು ಕೊಳವೆಗೆ ಇಳಿಸಿ, ಮಟ್ಟ ಬರೆದುಕೊಂಡು, ಬಾಗಿಲನ್ನು ಮತ್ತೆ ಎತ್ತಿ ನಿಲ್ಲಿಸಿ.